ಪ್ರಾಗ್ ನಗರವನ್ನು ಗುಡ್ಡದಿಂದ ಕೆಳಕ್ಕೆ ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆ ಪತ್ರಿಕೆಗಳಲ್ಲಿ ಯುರೋಪ್ ಪ್ರವಾಸದ ಜಾಹೀರಾತುಗಳು ಹೆಚ್ಚುತ್ತವೆ. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರನ್ನೂ ಒಟ್ಟಿಗೆ ತೋರಿಸುವ ಪ್ಯಾಕೇಜುಗಳಲ್ಲಿ ಪ್ರಾಗ್‌ಗೆ ಸಿಗುವುದು ಸಾಮಾನ್ಯವಾಗಿ ಒಂದೇ ದಿನ. ಆ ದಿನದ ಕ್ರಮವೂ ಬಹುಪಾಲು ಒಂದೇ: ಬೆಳಗ್ಗೆ ಹತ್ತೂವರೆಗೆ ಹಳೇ ಪೇಟೆಯ ಗಡಿಯಾರ, ಆಮೇಲೆ ಚಾರ್ಲ್ಸ್ ಸೇತುವೆ, ಊಟ, ಊಟವಾದ ಮೇಲೆ ಗುಡ್ಡದ ಮೇಲಿನ ಕ್ಯಾಸಲ್. ಈ ಊರಿನಲ್ಲಿ ನೆಲೆಸಿ, ಬಂದ ನೆಂಟರಿಷ್ಟರನ್ನು ಸುತ್ತಿಸುವ ಕನ್ನಡಿಗರು ನಾವು. ಈ ಕ್ರಮವನ್ನು ಪೂರ್ತಿ ಉಲ್ಟಾ ಮಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೊರಡುವವರಿಗೂ ಹೊರಡಿಸುವವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಮನ್ನಿಸಿ.

ವ್ಲತಾವಾ ನದಿಯ ಎಡದಂಡೆಯ ಗುಡ್ಡದ ಮೇಲೆ ಕ್ಯಾಸಲ್ ಇದೆ. ಬಲದಂಡೆಯ ಸಮತಟ್ಟು ನೆಲದಲ್ಲಿ ಹಳೇ ಪೇಟೆ. ಈಗಿನ ಚೆಕ್ ದೇಶದ ಹಳೇ ರಾಜ್ಯ ಬೊಹೆಮಿಯಾದ ದೊರೆಗಳ ಪಟ್ಟಾಭಿಷೇಕದ ಮೆರವಣಿಗೆ ಪೌಡರ್ ಟವರ್ ಎಂಬ ಹೆಬ್ಬಾಗಿಲಿನಿಂದ ಹೊರಟು, ಹಳೇ ಪೇಟೆ ಹಾದು, ಸೇತುವೆ ದಾಟಿ, ನೆರುದೊವಾ ಬೀದಿಯ ಏರು ಹತ್ತಿ ಕ್ಯಾಸಲ್ ಸೇರುತ್ತಿತ್ತು. ಟೂರಿನವರು ಇಂದಿಗೂ ಅದೇ ರಾಜಮಾರ್ಗ ಹಿಡಿಯುತ್ತಾರೆ. ದೊರೆಗಳು ಕುದುರೆ ಮೇಲೆ ಹೋಗುತ್ತಿದ್ದರು ಎಂಬುದನ್ನು ಮಾತ್ರ ಮರೆತಿರುತ್ತಾರೆ. ಊಟದ ನಂತರ, ಕಲ್ಲು ಹಾಸಿದ ಏರಿನಲ್ಲಿ ಅರವತ್ತು ದಾಟಿದವರನ್ನು ಹತ್ತಿಸಿ ಮೇಲೆ ತಲುಪುವ ಹೊತ್ತಿಗೆ ಮೂರು ಗಂಟೆ ದಾಟಿರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಳಗಿನ ಕಟ್ಟಡಗಳು 5 ಗಂಟೆಗೆ ಮುಚ್ಚುತ್ತವೆ, ಚಳಿಗಾಲದಲ್ಲಿ 4ಕ್ಕೇ. ಕೆಥೆಡ್ರಲ್ ಮುಂದಿನ ಸರದಿಯಲ್ಲಿ ನಿಂತೇ ಉಳಿದ ಹೊತ್ತು ಕಳೆದುಹೋಗುತ್ತದೆ.

ಸರಿಯಾದ ಕ್ರಮ ಇಷ್ಟೇ. ಬೆಳಗ್ಗೆ ಎಂಟರ ಸುಮಾರಿಗೆ 22ನೇ ನಂಬರಿನ ಟ್ರಾಮ್ ಹತ್ತಿ. ಅದು ನಗರದ ನಡುವಿನ ನಾರೋದ್ನಿ ತ್ರೀದಾದಿಂದ ನದಿ ದಾಟಿ, ಗುಡ್ಡವನ್ನು ಸುತ್ತಿ ಹತ್ತುತ್ತದೆ. 'ಪ್ರಾಜ್ಸ್ಕಿ ಹ್ರಾದ್', ಅಂದರೆ ಪ್ರಾಗ್ ಕ್ಯಾಸಲ್, ನಿಲ್ದಾಣದಲ್ಲಿ ಅರ್ಧ ಟ್ರಾಮ್ ಖಾಲಿಯಾಗುತ್ತದೆ. ನೀವು ಇಳಿಯಬೇಡಿ. ಇನ್ನೂ ಮುಂದೆ ಹೋಗಿ 'ಪೊಹೊರ್ಜೆಲೆಟ್ಸ್' ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ನದಿಯವರೆಗೆ ಸುಮಾರು ನೂರು ಮೀಟರ್ ಇಳಿಜಾರು. ಇಡೀ ದಿನದ ಹಾದಿಯಲ್ಲಿ ಹೇಳಿಕೊಳ್ಳುವಂಥ ಏರು ಎಲ್ಲೂ ಇಲ್ಲ.

ಟ್ರಾಮಿನಲ್ಲಿ ನಮ್ಮವರು ತಪ್ಪುವುದು ಟಿಕೆಟ್ ವಿಷಯದಲ್ಲಿ. ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು. ಹತ್ತಿದ ಕೂಡಲೇ ಹಳದಿ ಪೆಟ್ಟಿಗೆಯೊಳಗೆ ತೂರಿಸಿ ಮುದ್ರೆ ಹಾಕಿಸಬೇಕು. ಮೆಟ್ರೋದಲ್ಲಾದರೆ ಎಸ್ಕಲೇಟರ್ ಇಳಿಯುವ ಮೊದಲೇ ಆ ಕೆಲಸ ಮುಗಿಯಬೇಕು. ಮುದ್ರೆ ಇಲ್ಲದ ಟಿಕೆಟ್ ಇದ್ದರೂ ಇಲ್ಲದಂತೆ. ತಪಾಸಣೆಯವರು ಸಾದಾ ಬಟ್ಟೆಯಲ್ಲಿರುತ್ತಾರೆ, ಬಿಲ್ಲೆ ತೋರಿಸಿ ದಂಡ ಹಾಕುತ್ತಾರೆ, ಗೊತ್ತಿರಲಿಲ್ಲ ಎಂದರೆ ಬಿಡುವುದಿಲ್ಲ. ಟ್ರಾಮಿನೊಳಗಿನ ಯಂತ್ರಕ್ಕೆ ಕಾರ್ಡ್ ತೋರಿಸಿ ಕೊಂಡ ಟಿಕೆಟ್‌ಗೆ ಮುದ್ರೆ ಬೇಡ. ಮೊಬೈಲ್ ಆ್ಯಪ್‌ನಲ್ಲಿ ಕೊಂಡದ್ದು ಚಾಲ್ತಿಗೆ ಬರಲು ಒಂದೆರಡು ನಿಮಿಷ ಹಿಡಿಯುತ್ತದೆ, ಆದ್ದರಿಂದ ಟ್ರಾಮ್ ಬರುವ ಮೊದಲೇ ಅದನ್ನು ಚಾಲೂ ಮಾಡಿಡಿ. 22ರಲ್ಲಿ ಜೇಬುಗಳ್ಳರ ಕಾಟವಿದೆ. ಬೆನ್ನಚೀಲವನ್ನು ಎದೆಗೆ ಹಾಕಿಕೊಳ್ಳಿ. ಇನ್ನೊಂದು ಮಾತು ಬಹಳ ಮುಖ್ಯ: ಜೀಬ್ರಾ ಪಟ್ಟೆಯ ಮೇಲೆ ಕಾರು ನಿಮಗಾಗಿ ನಿಲ್ಲುತ್ತದೆ, ಟ್ರಾಮ್ ನಿಲ್ಲುವುದಿಲ್ಲ. ಇಲ್ಲಿನ ಕಾನೂನಿನಲ್ಲೇ ಪಾದಚಾರಿಗಿಂತ ಟ್ರಾಮಿಗೆ ಮೊದಲ ಹಕ್ಕು.

ಪೊಹೊರ್ಜೆಲೆಟ್ಸ್ ಪಕ್ಕದಲ್ಲೇ 1143ರಲ್ಲಿ ಸ್ಥಾಪನೆಯಾದ ಸ್ತ್ರಾಹೋವ್ ಮಠ. ಅದರ ಎರಡು ಗ್ರಂಥಾಲಯ ಸಭಾಂಗಣಗಳು ಹೆಸರಾಂತವು. ಸಾಮಾನ್ಯ ಟಿಕೆಟ್‌ನವರಿಗೆ ಬಾಗಿಲಲ್ಲಿ ನಿಂತು ಇಣುಕಲಷ್ಟೇ ಅವಕಾಶ ಎಂಬುದನ್ನು ಮೊದಲೇ ತಿಳಿದಿರಿ. ದಿನ ಒಂದೇ ಇದ್ದರೆ ಇದನ್ನು ಬಿಡಬಹುದು. ಮಠದ ಕೆಳಗಿನ ದಿಬ್ಬದಿಂದ ಕಾಣುವ ಊರಿನ ನೋಟವನ್ನು ಮಾತ್ರ ಬಿಡಬೇಡಿ. ಅದಕ್ಕೆ ಟಿಕೆಟ್ಟೂ ಇಲ್ಲ, ಆ ಹೊತ್ತಿನಲ್ಲಿ ಜನವೂ ಇಲ್ಲ. ದಿನವಿಡೀ ನಡೆಯುವ ದಾರಿ ಪೂರ್ತಿ ಅಲ್ಲಿಂದ ಕಾಣುತ್ತದೆ. ಅಲ್ಲಿಂದ ಲೊರೆತಾ ಚರ್ಚಿನ ಮುಂದೆ ಹಾದು ಹತ್ತು ಹದಿನೈದು ನಿಮಿಷ ನಡೆದರೆ ಕ್ಯಾಸಲ್‌ನ ಪಶ್ಚಿಮದ ಬಾಗಿಲು.

ಕ್ಯಾಸಲ್ ಆವರಣಕ್ಕೆ ಹಣ ಕೊಡಬೇಕಿಲ್ಲ. ಟಿಕೆಟ್ ಬೇಕಿರುವುದು ಕೆಥೆಡ್ರಲ್, ಹಳೇ ಅರಮನೆ, ಸೇಂಟ್ ಜಾರ್ಜ್ ಬೆಸಿಲಿಕಾ ಮತ್ತು ಗೋಲ್ಡನ್ ಲೇನ್‌ಗೆ. 9 ಗಂಟೆಗೆ ಬಾಗಿಲು ತೆರೆಯುವಾಗ ನೀವು ಕೆಥೆಡ್ರಲ್ ಮುಂದೆ ಇರಬೇಕು. ಹತ್ತು ಗಂಟೆಯ ಹೊತ್ತಿಗೆ ಬಸ್ಸುಗಳ ಗುಂಪು ಬಂದು ಸರದಿ ಅಂಗಳ ಸುತ್ತುತ್ತದೆ. ಭಾನುವಾರ ಕೆಥೆಡ್ರಲ್ ಪ್ರವಾಸಿಗರಿಗೆ ತೆರೆಯುವುದು ಮಧ್ಯಾಹ್ನ 12ಕ್ಕೆ. ಅಂದು ಮೊದಲು ಅರಮನೆ, ಬೆಸಿಲಿಕಾ ಮುಗಿಸಿ ಹಿಂದಿರುಗಿ. ದೊಡ್ಡ ಚೀಲ, ಸೂಟ್‌ಕೇಸ್ ತರಬೇಡಿ. ರೈಲಿನಲ್ಲಿ ಬಂದು ಅಂದೇ ಮುಂದೆ ಹೋಗುವವರಿಗೆ ಮುಖ್ಯ ನಿಲ್ದಾಣದಲ್ಲಿ ಲಾಕರ್‌ಗಳಿವೆ.

ಸೇಂಟ್ ವೈಟಸ್ ಕೆಥೆಡ್ರಲ್ ಕಟ್ಟಲು ತೊಡಗಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಮೊದಲು ಅರಾಸ್ ಊರಿನ ಮಥಾಯಸ್, ಅವನ ನಂತರ ಪೀಟರ್ ಪಾರ್ಲರ್ ಕಟ್ಟಿದರು. ಹದಿನೈದನೇ ಶತಮಾನದಲ್ಲಿ ಹುಸ್ ಎಂಬ ಧರ್ಮಸುಧಾರಕನ ಪಂಥದವರ ಯುದ್ಧಗಳಲ್ಲಿ ಕೆಲಸ ನಿಂತಿತು. ಆಮೇಲೆ ಶತಮಾನಗಳ ಕಾಲ ಪೂರ್ವದ ಅರ್ಧವಷ್ಟೇ ನಿಂತಿತ್ತು. ಹಾಗಾಗಿ ಅಂಗಳಕ್ಕೆ ಬಂದ ಕೂಡಲೇ ಎಲ್ಲರೂ ಫೋಟೊ ತೆಗೆಯುವ ಪಶ್ಚಿಮದ ಮುಖವೇ ಇಡೀ ಕಟ್ಟಡದಲ್ಲಿ ತೀರಾ ಹೊಸದು. ಹಳೆಯದು ನೋಡಬೇಕೆಂದರೆ ಬಲಕ್ಕೆ ತಿರುಗಿ ದಕ್ಷಿಣದ ಗೋಲ್ಡನ್ ಗೇಟ್ ಮುಂದೆ ನಿಲ್ಲಿ. ಅದರ ಮೇಲಿನ ಅಂತಿಮ ತೀರ್ಪಿನ ಮೊಸಾಯಿಕ್ ಚಿತ್ರ 1371ರ ಸುಮಾರಿನದು. ಒಳಗೆ ಎಡಬದಿಯ ಮೂರನೇ ಗುಡಿಯಲ್ಲಿ ಚೆಕ್ ಕಲಾವಿದ ಅಲ್ಫೋನ್ಸ್ ಮುಖಾ ರಚಿಸಿದ ಬಣ್ಣದ ಗಾಜಿನ ಕಿಟಕಿ. ಟಿಕೆಟ್ ಇಲ್ಲದವರು ಹಿಂಬದಿಯಲ್ಲಿ ನಿಂತು ಓರೆಯಾಗಿ ನೋಡಬಹುದು. ಬಲಬದಿಯ ಸೇಂಟ್ ವೆನ್ಸೆಸ್ಲಾಸ್ ಗುಡಿಯ ಮೂಲೆಯ ಬಾಗಿಲು ಕಿರೀಟ ಇಟ್ಟಿರುವ ಕೋಣೆಯದು. ಅದಕ್ಕೆ ಏಳು ಬೀಗ, ಏಳು ಕೀಲಿ. ಏಳು ಕೀಲಿಗಳೂ ಬೇರೆ ಬೇರೆಯವರ ಕೈಯಲ್ಲಿ. ದಕ್ಷಿಣದ ಗೋಪುರಕ್ಕೆ 287 ಮೆಟ್ಟಿಲು, ಕಿರಿದಾದ ಸುರುಳಿ, ಲಿಫ್ಟ್ ಇಲ್ಲ, ಟಿಕೆಟ್ ಬೇರೆ. ನಮ್ಮನ್ನು ಕೇಳಿದರೆ ಬೇಡ. ಸಂಜೆ ಹಳೇ ಪೇಟೆಯ ಟೌನ್ ಹಾಲ್ ಗೋಪುರವನ್ನು ಲಿಫ್ಟ್‌ನಲ್ಲೇ ಹತ್ತಬಹುದು.

ಹಳೇ ಅರಮನೆಯ ವ್ಲಾದಿಸ್ಲಾವ್ ಸಭಾಂಗಣ 62 ಮೀಟರ್ ಉದ್ದ. ನಡುವೆ ಒಂದು ಕಂಬವೂ ಇಲ್ಲ. ಒಳಗೇ ಕುದುರೆ ಸವಾರರ ಈಟಿ ಕಾಳಗ ನಡೆಯುತ್ತಿತ್ತು. ಕುದುರೆಗಳು ಹತ್ತಿ ಬರಲೆಂದು ಕಟ್ಟಿದ ಅಗಲ ಮೆಟ್ಟಿಲು ಇಂದಿಗೂ ಹೊರಹೋಗುವ ದಾರಿ. ಸಭಾಂಗಣಕ್ಕೆ ಹೊಂದಿದ ಕೋಣೆಯ ಕಿಟಕಿಯಿಂದ 1618ರ ಮೇ 23ರಂದು ಪ್ರಾಟೆಸ್ಟಂಟ್ ಸರದಾರರು ಕ್ಯಾಥೊಲಿಕ್ ಸಾಮ್ರಾಟನ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಹೊರಕ್ಕೆಸೆದರು. ಮೂವರೂ ಬದುಕಿಕೊಂಡರು. ಯುರೋಪಿನ ಮೂವತ್ತು ವರ್ಷಗಳ ಯುದ್ಧಕ್ಕೆ ಕಿಡಿ ಬಿದ್ದದ್ದು ಇಲ್ಲೇ. ಗುಂಪಿನವರು ಸಾಮಾನ್ಯವಾಗಿ ಈ ಅರಮನೆಯನ್ನು ಬಿಟ್ಟು ಗೋಲ್ಡನ್ ಲೇನ್‌ಗೆ ಓಡುತ್ತಾರೆ. ಅಲ್ಲಿರುವುದು ಆಟಿಕೆಯಂಥ ಪುಟ್ಟ ಮನೆಗಳ ಒಂದು ಓಣಿ. 22ನೇ ನಂಬರಿನ ಮನೆಯಲ್ಲಿ 1916–17ರಲ್ಲಿ ಸಾಹಿತಿ ಕಾಫ್ಕಾ ಕೂತು ಬರೆಯುತ್ತಿದ್ದ; ಈಗ ಅಲ್ಲಿ ಅಂಗಡಿ. ಹತ್ತು ನಿಮಿಷ ಸಾಕು, ಬಾಗಿಲುಗಳಿಗೆ ತಲೆ ತಾಗಿಸಿಕೊಳ್ಳಬೇಡಿ. ಮಧ್ಯಾಹ್ನ 12ಕ್ಕೆ ಮೊದಲ ಅಂಗಳದಲ್ಲಿ ವಾದ್ಯದ ಜೊತೆ ಕಾವಲು ಬದಲಾಗುತ್ತದೆ. ಅದನ್ನು ನೋಡಬೇಕೆಂದಿದ್ದರೆ ಮತ್ತೆ ಪಶ್ಚಿಮಕ್ಕೆ ಬರಬೇಕಾಗುತ್ತದೆ. ಮಕ್ಕಳಿದ್ದರೆ ಬನ್ನಿ, ಇಲ್ಲದಿದ್ದರೆ ಆ ಅರ್ಧ ಗಂಟೆ ಬೇರೆಡೆ ಒದಗುತ್ತದೆ.

ಕೆಳಗಿಳಿಯಲು ಎರಡು ದಾರಿ. ಪೂರ್ವದ ಬಾಗಿಲಿನಿಂದ ಹಳೇ ಕ್ಯಾಸಲ್ ಮೆಟ್ಟಿಲುಗಳು ನೇರ ಮಾಲೊಸ್ತ್ರಾನ್ಸ್ಕಾ ಮೆಟ್ರೋ ಹತ್ತಿರ ಇಳಿಸುತ್ತವೆ. ಮಂಡಿನೋವಿನವರಿಗೆ ಈ ದಾರಿ ಆಗದು. ಅವರು ಪಶ್ಚಿಮದ ಬಾಗಿಲಿನಿಂದ ಹೊರಟು, ಮೆಟ್ಟಿಲಿಲ್ಲದ ಇಳಿಜಾರಿನಲ್ಲಿ ನೆರುದೊವಾ ಬೀದಿಗೆ ಬರಲಿ. ಈ ಬೀದಿಯ ಮನೆಗಳ ಮೇಲೆ ಮೂರು ಪಿಟೀಲು, ಎರಡು ಸೂರ್ಯ ಇಂಥ ಉಬ್ಬುಚಿತ್ರಗಳಿವೆ. 1770ರಲ್ಲಿ ಮನೆಗಳಿಗೆ ನಂಬರ್ ಬರುವ ಮೊದಲು ಇವೇ ವಿಳಾಸ. ನಂಬರ್ ಎಂದಾಗ ನೆನಪಾಯಿತು: ಇಲ್ಲಿ ಪ್ರತಿ ಮನೆಗೂ ಎರಡು ಫಲಕ. ಕೆಂಪು ಫಲಕದ್ದು ಇಡೀ ಬಡಾವಣೆಯ ದಾಖಲೆಯ ಸಂಖ್ಯೆ, ನೀಲಿಯದ್ದು ಬೀದಿಯ ಸಾಲಿನ ಸಂಖ್ಯೆ. ಹೋಟೆಲ್ ಹುಡುಕುವಾಗ ನೀಲಿಯನ್ನು ನೋಡಿ. ಕೆಂಪನ್ನು ನಂಬಿದವರು ಬೀದಿಯುದ್ದಕ್ಕೂ ಹಿಂದೆ ಮುಂದೆ ಅಲೆಯುತ್ತಾರೆ.

ಊಟಕ್ಕೆ ಗುಡ್ಡದ ಬುಡದ ಬಡಾವಣೆ ಮಾಲಾ ಸ್ತ್ರಾನಾದ ಒಳಬೀದಿಗಳೇ ಲೇಸು. ಕೆಲಸದ ದಿನಗಳಲ್ಲಿ 11ರಿಂದ 2ರವರೆಗೆ ಹೋಟೆಲ್‌ಗಳ ಹೊರಗೆ 'ಪೊಲೆದ್ನಿ ಮೆನು' ಎಂಬ ಮಧ್ಯಾಹ್ನದ ಊಟದ ಹಲಗೆ ಇರುತ್ತದೆ. ಅದೇ ಅಡುಗೆ ಸಂಜೆಗಿಂತ ಅಗ್ಗ. ಸಸ್ಯಾಹಾರಿಗಳು 'ಬೆಜ್ ಮಾಸಾ', ಅಂದರೆ ಮಾಂಸವಿಲ್ಲದೆ, ಎಂದು ಹೇಳಿದರೆ ಸಾಮಾನ್ಯವಾಗಿ ಸಿಗುವುದು ಕರಿದ ಚೀಸ್ ಮತ್ತು ಆಲೂಗಡ್ಡೆ. ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ದೋಸೆ 'ಬ್ರಾಂಬೊರಾಕ್' ಚೆನ್ನಾಗಿರುತ್ತದೆ, ಆದರೆ ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತದೆ. ಸೂಪುಗಳಲ್ಲಿ ಎಚ್ಚರ: ಹೆಸರಿನಲ್ಲಿ ಬೆಳ್ಳುಳ್ಳಿ ಮಾತ್ರ ಇದ್ದರೂ ಬುಡದ ಸಾರು ಮಾಂಸದ್ದಿರಬಹುದು, ವಿಚಾರಿಸಿಯೇ ತರಿಸಿ. ಕೇಳದೆ ಮೇಜಿಗೆ ಬಂದ ಬ್ರೆಡ್ಡಿಗೂ ಬಿಲ್ ಆಗುವುದುಂಟು. ನಲ್ಲಿ ನೀರು ಕುಡಿಯಲು ಯೋಗ್ಯ. ಬೆಳಗ್ಗೆಯೇ ಬಾಟಲಿ ತುಂಬಿಸಿಕೊಳ್ಳಿ, ಹೋಟೆಲಿನಲ್ಲಿ ನೀರಿಗೂ ಕಾಸು. ಪೇಟೆಯ ಚೌಕದಲ್ಲಿ ಕೆಂಡದ ಮೇಲೆ ಸುಡುವ ಹ್ಯಾಮ್‌ಗೆ ಬರೆದ ದರ 100 ಗ್ರಾಮಿನದು. ತಟ್ಟೆಗೆ ಬೀಳುವ ತುಂಡು ಅದರ ಮೂರು ನಾಲ್ಕರಷ್ಟು ತೂಗಬಹುದು. ಕೊಳವೆಯಾಕಾರದ ಸಿಹಿ 'ತ್ರ್‌ದೆಲ್ನಿಕ್' ಹಳೇ ಪ್ರಾಗ್ ತಿನಿಸೆಂದು ಬೋರ್ಡ್ ಹಾಕಿರುತ್ತಾರೆ. ಈ ಬೀದಿಗಳಿಗೆ ಅದು ಬಂದದ್ದು ಪ್ರವಾಸಿಗರ ಹಿಂದೆಯೇ.

ಇನ್ನು ಸೇತುವೆ. 1342ರ ಪ್ರವಾಹ ಹಳೆಯ ಸೇತುವೆಯನ್ನು ಮುರಿದ ಮೇಲೆ ದೊರೆ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಇದಕ್ಕೆ ಅಡಿಗಲ್ಲಿಟ್ಟ. ಉದ್ದ 516 ಮೀಟರ್, 16 ಕಮಾನು, 30 ವಿಗ್ರಹ. ವಿಗ್ರಹಗಳಲ್ಲಿ ಹೆಚ್ಚಿನವು ನಕಲು. ಮೂಲಗಳು ಮಳೆ ಬಿಸಿಲು ತಾಗದ ಕಡೆ ಇವೆ. ಗಾರೆಗೆ ಮೊಟ್ಟೆ ಬೆರೆಸಲು ಹಳ್ಳಿಹಳ್ಳಿಗಳಿಂದ ತರಿಸಿದರಂತೆ, ವೆಲ್ವರಿ ಊರಿನವರು ಒಡೆಯದಿರಲೆಂದು ಬೇಯಿಸಿ ಕಳಿಸಿದರಂತೆ ಎಂಬುದು ಇಲ್ಲಿನ ಜನರ ನಗೆಯ ಕಥೆ. ಕ್ಯಾಸಲ್ ಕಡೆಯಿಂದ ಬರುವಾಗ ನೆಪೊಮುಕ್‌ನ ಸಂತ ಯೋಹಾನನ ಕಂಚಿನ ವಿಗ್ರಹ (1683) ಎಡಕ್ಕೆ ಸಿಗುತ್ತದೆ. 1393ರಲ್ಲಿ ಚಾರ್ಲ್ಸ್‌ನ ಮಗನಾದ ದೊರೆ ಅವನನ್ನು ಇಲ್ಲಿಂದ ನದಿಗೆ ಎಸೆಸಿದ. ಬುಡದ ಫಲಕಗಳು ಜನ ಮುಟ್ಟಿ ಮುಟ್ಟಿ ಹೊಳೆಯುತ್ತವೆ. ಬೆಳಗ್ಗೆ ಏಳಕ್ಕೆ ಮೊದಲು ಅಥವಾ ರಾತ್ರಿ ಹತ್ತರ ನಂತರವಷ್ಟೇ ಸೇತುವೆ ಪೂರ್ತಿ ಕಣ್ಣಿಗೆ ಬೀಳುವುದು. ನಡುಹಗಲಲ್ಲಿ ದಾಟಬೇಕಾದ್ದು ಅನಿವಾರ್ಯ. ದಾಟಿ, ನಿಲ್ಲಬೇಡಿ, ರಾತ್ರಿ ಮತ್ತೆ ಬನ್ನಿ. ಆಚೆ ಬದಿಯಲ್ಲಿ ಇಕ್ಕಟ್ಟಾದ ಕಾರ್ಲೊವಾ ಬೀದಿಗೆ ನುಗ್ಗುವ ಬದಲು ಕ್ಲೆಮೆಂಟಿನಮ್ ಎಂಬ ಹಳೇ ಜೆಸ್ವಿಟ್ ಕಾಲೇಜಿನ ಅಂಗಳಗಳ ಮೂಲಕ ನಡೆಯಿರಿ. 1775ರಿಂದ ಎಡೆಬಿಡದೆ ಹವೆಯ ಉಷ್ಣಾಂಶ ದಾಖಲಿಸುತ್ತಿರುವ ಜಾಗ ಅದು.

ಗಡಿಯಾರದ ವಿಷಯದಲ್ಲಿ ನಮ್ಮ ಓದುಗರಿಗೆ ಟೂರಿನವರು ಮಾಡುವ ಅನ್ಯಾಯ ದೊಡ್ಡದು. ಗಂಟೆ ಹೊಡೆಯುವಾಗ ಕಿಟಕಿಯಲ್ಲಿ ಹಾದುಹೋಗುವ ಅಪೊಸ್ತಲರ, ಅಂದರೆ ಯೇಸುವಿನ ಶಿಷ್ಯರ, ಬೊಂಬೆಗಳನ್ನು ತೋರಿಸಿ ಕರೆದೊಯ್ಯುತ್ತಾರೆ. ಆ ಆಟ ಒಂದು ನಿಮಿಷವೂ ಇಲ್ಲ. ಬೊಂಬೆಗಳೂ 1945ರ ಮೇ ತಿಂಗಳ ಬೆಂಕಿಯ ನಂತರ ಹೊಸದಾಗಿ ಕೆತ್ತಿದವು. ಎಲ್ಲರೂ ಕತ್ತು ಮೇಲೆತ್ತಿದ ಆ ಒಂದು ನಿಮಿಷ ಜೇಬುಗಳ್ಳರದು. ನೋಡಬೇಕಾದ್ದು ಆ ಕಿಟಕಿಗಳ ನೇರ ಕೆಳಗಿನ ಮುಖಫಲಕ. 1410ರಲ್ಲಿ ಕಾದಾನಿನ ಮಿಕುಲಾಶ್ ಎಂಬ ಗಡಿಯಾರಗಾರ ಮಾಡಿದ, ವಿದ್ವಾಂಸ ಯಾನ್ ಶಿಂಡೆಲ್‌ನ ಲೆಕ್ಕ ಆಧಾರವಾಗಿರುವ ಈ ಯಂತ್ರವನ್ನು ಪಂಚಾಂಗ ಬಲ್ಲವರು ಐದು ನಿಮಿಷದಲ್ಲಿ ಓದಬಹುದು. ನಡುವೆ ಭೂಮಿ. ನೀಲಿ ಭಾಗ ಹಗಲು, ಕೆಂಪು ಛಾಯೆಯದು ಸಂಧ್ಯೆ, ಕಪ್ಪು ರಾತ್ರಿ. ಬಂಗಾರದ ಕೈ ತೋರಿಸುವ ರೋಮನ್ ಅಂಕಿ ಮಾಮೂಲಿ ಹೊತ್ತು. ಹೊರಗಿನ ಕಪ್ಪು ಉಂಗುರದಲ್ಲಿ ಹಳೇ ಲಿಪಿಯ 1ರಿಂದ 24 ಅಂಕಿಗಳಿವೆ. ಅದು ಸೂರ್ಯಾಸ್ತದಿಂದ ಎಣಿಸುವ ಹಳೆಯ ಬೊಹೆಮಿಯಾ ಹೊತ್ತು. ಸೂರ್ಯಾಸ್ತ ದಿನದಿನಕ್ಕೂ ಸರಿಯುವುದರಿಂದ ಉಂಗುರವೇ ಸರಿಯುತ್ತದೆ. ಅರ್ಧ ಕಪ್ಪು ಅರ್ಧ ಬೆಳ್ಳಿಯ ಗುಂಡು ಚಂದ್ರ. ಅದು ತಾನೇ ತಿರುಗುತ್ತ ಅಮಾವಾಸ್ಯೆ, ಹುಣ್ಣಿಮೆ ತೋರಿಸುತ್ತದೆ. ಒಳಗಿನ ಚಿಕ್ಕ ಉಂಗುರದಲ್ಲಿ ಹನ್ನೆರಡು ರಾಶಿ. ಆದರೆ ಇದು ಸಾಯನ ಲೆಕ್ಕ: ಸೂರ್ಯ ಮೇಷ ಪ್ರವೇಶಿಸುವುದು ಇಲ್ಲಿ ಮಾರ್ಚ್ 21ರ ಸುಮಾರಿಗೆ, ನಮ್ಮ ಪಂಚಾಂಗದಂತೆ ಏಪ್ರಿಲ್ 14ರ ಸುಮಾರಿಗೆ ಅಲ್ಲ. ಗಂಟೆ ಹೊಡೆಯುವ ಹೊತ್ತು ತಪ್ಪಿಸಿ, ಇಪ್ಪತ್ತು ನಿಮಿಷ ಕಳೆದು ಬನ್ನಿ. ಗಡಿಯಾರದ ಮುಂದೆ ಜನ ಕರಗಿರುತ್ತಾರೆ.

ಅದೇ ಟೌನ್ ಹಾಲ್‌ನ ಪೂರ್ವದ ನೆಲಗಲ್ಲುಗಳಲ್ಲಿ 27 ಬಿಳಿ ಶಿಲುಬೆಗಳಿವೆ. ಕ್ಯಾಸಲ್ ಕಿಟಕಿಯಿಂದ ಶುರುವಾದ ಬಂಡಾಯ ಸೋತ ಮೇಲೆ, 1621ರ ಜೂನ್ 21ರಂದು ಅದರ 27 ಮುಖಂಡರಿಗೆ ಮರಣದಂಡನೆ ಆದದ್ದು ಇಲ್ಲಿ. ಮೇಲಿನಿಂದ ಇಳಿದು ಬಂದರೆ ಇತಿಹಾಸವೂ ಕ್ರಮವಾಗಿ ಸಿಗುತ್ತದೆ ಎನ್ನಲು ಇದೊಂದು ಕಾರಣ. ಎದುರಿನ ತೀನ್ ಚರ್ಚಿನಲ್ಲಿ ಖಗೋಳಜ್ಞ ಟೈಕೋ ಬ್ರಾಹೆಯ ಸಮಾಧಿ. 1601ರಲ್ಲಿ ಅವನು ತೀರಿಕೊಂಡ ಮೇಲೆ ಕೆಪ್ಲರ್ ಅವನ ಜಾಗಕ್ಕೆ ಬಂದು ಇದೇ ಊರಿನಲ್ಲಿ ಗ್ರಹಗತಿಯ ಮೊದಲ ಎರಡು ನಿಯಮಗಳನ್ನು ಕಂಡುಕೊಂಡ.

ಯಹೂದಿ ಕೇರಿ ಯೋಸೆಫೊವ್ ಅನ್ನು ಇದೇ ದಿನಕ್ಕೆ ತುರುಕಬೇಡಿ. ಹಳೇ ಸ್ಮಶಾನದಲ್ಲಿ ಸುಮಾರು 12,000 ಕಲ್ಲುಗಳು ಒತ್ತಿ ನಿಂತಿವೆ, ಅತಿ ಹಳೆಯದು 1439ರದು. ಪಿಂಕಾಸ್ ಸಿನಗಾಗ್ ಗೋಡೆಗಳ ಮೇಲೆ ನಾಜಿಗಳು ಕೊಂದ ಸುಮಾರು 78,000 ಜನರ ಹೆಸರುಗಳಿವೆ. ಅದನ್ನು ಓಡುತ್ತ ನೋಡುವುದು ಸಲ್ಲದು. ಶನಿವಾರ ಹೇಗೂ ಎಲ್ಲ ಮುಚ್ಚಿರುತ್ತದೆ.

ಕಾಲಿನ ಮಾತು. ಈ ಹಾದಿ ನಕ್ಷೆಯಲ್ಲಿ ಐದಾರು ಕಿಲೋಮೀಟರ್, ಒಳಹೊರಗೆ ಸುತ್ತಿದರೆ ಹತ್ತರ ಹತ್ತಿರ. ಪೂರ್ತಿ ಕಲ್ಲುಹಾಸು. ಬೀದಿ ನಡುವಿನ ದಪ್ಪ ಕಲ್ಲುಗಳ ಸಂದಿಯಲ್ಲಿ ತೆಳು ಹಿಮ್ಮಡಿ ಸಿಕ್ಕಿ ಕಾಲು ಉಳುಕುತ್ತದೆ. ಕಾಲುದಾರಿಯ ನುಣ್ಣನೆ ಚಿಕ್ಕ ಕಲ್ಲುಗಳು ಮಳೆ ಬಿದ್ದರೆ ಜಾರುತ್ತವೆ. ಚಪ್ಪಲಿ ಬೇಡ, ಹೊಸ ಶೂ ಅಂತೂ ಬೇಡವೇ ಬೇಡ. ದಪ್ಪ ರಬ್ಬರ್ ಅಟ್ಟೆಯ, ತಿಂಗಳಾದರೂ ಮೆಟ್ಟಿ ಪಳಗಿದ ಶೂ ಇರಲಿ. ಕೈಕೊಟ್ಟರೆ, ವೆನ್ಸೆಸ್ಲಾಸ್ ಚೌಕದಲ್ಲಿ 1929ರ ಬಾಟಾ ಮಳಿಗೆಯ ಕಟ್ಟಡವಿದೆ. ನಾವು ನಮ್ಮದೇ ಎಂದುಕೊಂಡ ಬಾಟಾ 1894ರಲ್ಲಿ ಇದೇ ದೇಶದ ಜ್ಲೀನ್ ಊರಿನಲ್ಲಿ ಹುಟ್ಟಿದ್ದು.

ಹಣ: ಇಲ್ಲಿ ಯೂರೊ ಅಲ್ಲ, ಕೊರುನಾ. ಬರೀ ಯೂರೊ ತುಂಬಿಸಿದ ಫಾರೆಕ್ಸ್ ಕಾರ್ಡ್ ಬಳಸಿದರೆ ಕರೆನ್ಸಿ ಬದಲಾವಣೆಯ ಶುಲ್ಕ ಬೀಳಬಹುದು. ಎಟಿಎಂ ಅಥವಾ ಅಂಗಡಿಯ ಯಂತ್ರ 'ರೂಪಾಯಿಯಲ್ಲಿ ಕಳೆಯಲೇ' ಎಂದು ಕೇಳಿದರೆ ಬೇಡವೆನ್ನಿ, ಕೊರುನಾದಲ್ಲೇ ಕಳೆಯಲಿ. ಅವರ ದರ ಯಾವಾಗಲೂ ತುಟ್ಟಿ. ಹಣ ಬದಲಿಸುವ ಅಂಗಡಿಯಲ್ಲಿ 'ಕಮಿಷನ್ ಇಲ್ಲ' ಎಂಬ ಬೋರ್ಡ್ ನೋಡಬೇಡಿ, ಕೈಗೆ ಎಷ್ಟು ಬರುತ್ತದೆ ಎಂದು ಬರೆಸಿಕೊಳ್ಳಿ. ಮೋಸ ಹೋದೆವೆನಿಸಿದರೆ 2019ರಿಂದ ಒಂದು ರಕ್ಷಣೆ ಇದೆ: 1,000 ಯೂರೊವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದು ಮಾಡಿಸಬಹುದು. ಬೀದಿಯಲ್ಲಿ ನಿಂತು ಒಳ್ಳೆ ದರ ಕೊಡುತ್ತೇನೆ ಎನ್ನುವವನಿಗೆ ಈ ಕಾನೂನು ತಾಗದು. ಅವನು ಕೊಡುವುದು ಬೇರೆ ದೇಶದ ಚಲಾವಣೆ ಇಲ್ಲದ ನೋಟು. ಶೌಚಾಲಯಕ್ಕೆ ಹತ್ತಿಪ್ಪತ್ತು ಕೊರುನಾ ಚಿಲ್ಲರೆ ಜೇಬಿನಲ್ಲಿರಲಿ.

ಟೂರ್ ಸಂಸ್ಥೆಗಳಲ್ಲಿ ನಮ್ಮ ಕೋರಿಕೆ: ವೇಳಾಪಟ್ಟಿಯಲ್ಲಿ ಪ್ರಾಗ್ ಭೇಟಿ ವಾರದ ಯಾವ ದಿನ ಬೀಳುತ್ತದೆ, ಕ್ಯಾಸಲ್ ಎಂದರೆ ಆವರಣವೋ ಒಳಗಿನ ಟಿಕೆಟ್ ಸೇರಿದೆಯೋ, ಹತ್ತಿಸುವಿರೋ ಇಳಿಸುವಿರೋ ಎಂಬುದನ್ನು ಅಚ್ಚು ಹಾಕಿಸಿ. ಹಣ ಕಟ್ಟುವವರೂ ಇದನ್ನು ಕೇಳಿ. ಡಿಸೆಂಬರ್‌ನಲ್ಲಿ ಬರುವವರಿಗೆ ಈ ಕ್ರಮ ಇನ್ನೂ ಅಗತ್ಯ, ಏಕೆಂದರೆ ಆಗ ಸಂಜೆ ನಾಲ್ಕಕ್ಕೇ ಕತ್ತಲು. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಸೇತುವೆಗೆ ಮತ್ತೆ ಹೋಗಿ ತಡವಾದರೆ ಹೆದರಬೇಕಿಲ್ಲ: ಮೆಟ್ರೋ ನಡುರಾತ್ರಿಯ ಸುಮಾರಿಗೆ ನಿಂತರೂ 91ರಿಂದ 99ರವರೆಗಿನ ರಾತ್ರಿ ಟ್ರಾಮ್‌ಗಳು ಓಡುತ್ತವೆ, ಅವೆಲ್ಲ ಸೇರುವುದು ಲಾಜಾರ್ಸ್ಕಾ ನಿಲ್ದಾಣದಲ್ಲಿ. ಹಗಲಿನ ಟಿಕೆಟ್ಟೇ ಅವುಗಳಿಗೂ ಸಾಕು, ಅವಧಿ ಮುಗಿದಿರಬಾರದು ಅಷ್ಟೆ.

ಇಂತಿ,
ಪ್ರಾಗ್‌ನಲ್ಲಿರುವ ಕೆಲವು ಕನ್ನಡ ಓದುಗರು